ಮೋನಾಕರ ಬೀಡಿ

ಗಲ್ಫಿನ ನಿಜ್ವಾ ಊರಿನ ಆ ಮನೆಯನ್ನು ಸುಟ್ಟದ್ದು ನಿಮ್ಮ ಬೀಡಿಯಲ್ಲ, ಮೋನಾಕ. ನನ್ನ ಎಣ್ಣೆಬಟ್ಟೆ. ನೀವು ಬದುಕಿದ್ದಾಗ ಹೇಳಬೇಕಿತ್ತು — ಹೇಳಲಿಲ್ಲ.

ತೊಂಬತ್ತರ ದಶಕದ ಆರಂಭ. ಖರ್ಜೂರದ ತೋಟದ ನಡುವಿನ ಹಳೆಯ ಮಣ್ಣಿನ ಮನೆಯೊಂದನ್ನು ದುರಸ್ತಿ ಮಾಡಿ ಪ್ರವಾಸಿಗರಿಗೆ ತಂಗಲು ಕೊಡಬೇಕೆಂದು, ನಮಗೆ ವೀಸಾ ಕೊಟ್ಟ ಯಜಮಾನ, ನಮ್ಮ ಕಫೀಲ್, ಹೊರಟಿದ್ದರು. ಗೋಡೆಗೆ ಮಣ್ಣು ಮೆತ್ತುವ ಕೆಲಸ ನಿಮ್ಮದು. ತೇಗದ ತೊಲೆ, ಕೆತ್ತನೆಯ ಬಾಗಿಲುಗಳನ್ನು ತಿಕ್ಕಿ ಅಗಸೆ ಎಣ್ಣೆ ಕುಡಿಸುವುದು ಆಚಾರಿಯಾದ ನನ್ನದು. ಯಾವುದೋ ಕಾಲದಲ್ಲಿ ನಮ್ಮ ಕಡೆಯಿಂದಲೇ ಹಡಗು ಹತ್ತಿ ಬಂದ ಮರವಿರಬೇಕು ಎಂದು ಇಬ್ಬರೂ ಹೆಮ್ಮೆಪಡುತ್ತಿದ್ದೆವು.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಡಬಾರದು. ಒಳಗೊಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಬೇಕು. ಅಪ್ಪ ಬೈದು ಬೈದು ಕಲಿಸಿದ ಪಾಠ. ಆ ಗುರುವಾರ ಮಧ್ಯಾಹ್ನ ಪೇಟೆ ಕಡೆಯ ಘಾಲಾಕ್ಕೆ ಹೊರಟ ಪಿಕಪ್ ಹಾರ್ನ್ ಹೊಡೆಯುತ್ತಿತ್ತು — ಮರುದಿನ ಶುಕ್ರವಾರದ ರಜೆ, ಊರಿನವರ ರೂಮಿನಲ್ಲಿ ಮೀನುಸಾರು — ಬಟ್ಟೆಗಳನ್ನೆಲ್ಲ ಒಟ್ಟಿ ಮೂಲೆಗೆ ಒದ್ದು ಓಡಿದೆ. ಸಂಜೆಯೊಳಗೆ ತೊಲೆಗಳು ಸುಟ್ಟು ಮಾಡು ಕುಸಿದಿತ್ತು.

ಮರುದಿನ ಕಫೀಲ್ ರಜೆಯಿಂದ ನನ್ನನ್ನು ಕರೆಸಿ, ನಮ್ಮನ್ನು ಬೂದಿಯ ಎದುರು ನಿಲ್ಲಿಸಿ ಹಿಂದಿಯಲ್ಲಿ ಕೇಳಿದರು, ಇಲ್ಲಿ ಬೀಡಿ ಸೇದುವವರು ಯಾರು ಎಂದು. ನೀವು ನನ್ನ ಕಡೆ ತಿರುಗಿದಿರಿ.

"ನಾನು ಹೊರಗೆ ಹೋಗಿ ಸೇದಿ, ಹೊಯ್ಗೆಯಲ್ಲಿ ನಂದಿಸಿಯೇ ಬರುವುದಲ್ವಾ ಆಚಾರ್ರೇ? ನೀವಾದ್ರೂ ಹೇಳಿ ಮಾರಾಯ್ರೇ."

"ಮೋನಾಕ ಸೇದುತ್ತಾರೆ" ಎಂದೆ. ಅಷ್ಟೇ. ಸುಳ್ಳೇನೂ ಹೇಳಲಿಲ್ಲವಲ್ಲ — ಥೂ, ನನ್ನ ಜಾಣತನವೇ!

"ಖಲಾಸ್" ಎಂದರು ಕಫೀಲ್. ನಿಮ್ಮ ವೀಸಾ ರದ್ದಾಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ. ಕೆಲವು ವರ್ಷಗಳ ಮೇಲೆ ರಜೆಯಲ್ಲಿ ಬಂಟ್ವಾಳದ ನಿಮ್ಮ ಮನೆಗೆ ಬಂದೆ. ಹೇಳಿಬಿಡಬೇಕೆಂದೇ ಬಂದೆ. ಅಷ್ಟರಲ್ಲಿ ನೀವೇ ಬಾಯಿ ತೆರೆದಿರಿ.

"ಬೀಡಿ ಬಿಟ್ಟೆ ಆಚಾರ್ರೇ. ಆಲೋಚನೆ ಮಾಡಿ ಮಾಡಿ ಸಾಕಾಯ್ತು. ಆ ದಿನ ಸರಿ ನಂದಿಸಲಿಲ್ಲವೋ ಏನೋ. ನಿಮ್ಮ ಕೆಲಸ ಎಲ್ಲ ನನ್ನಿಂದ ಬೂದಿ ಆಯ್ತು. ಮಾಫ್ ಮಾಡ್ಬೇಕು."

ಬಾಗಿಲ ಹಿಂದೆ ನಿಮ್ಮ ಹೆಂಡತಿ ತಲೆ ತಗ್ಗಿಸಿ ನಿಂತಿದ್ದರು.

"ಇರಲಿ ಬಿಡಿ" ಎಂದೆ. ನಿಮ್ಮನ್ನು ಕ್ಷಮಿಸಿದೆ — ನಾನು! ಕೊಟ್ಟ ಚಹಾ ಕುಡಿದು ಎದ್ದುಬಂದೆ.

ಕಳೆದ ತಿಂಗಳು ನೀವು ತೀರಿಕೊಂಡಿರಿ, ಆ ತಪ್ಪು ನಿಮ್ಮದೆಂದೇ ನಂಬಿ. ನಿಮ್ಮವರು ಇಂದಿಗೂ ಹಾಗೇ ನಂಬಿದ್ದಾರೆ. ನಿಮ್ಮ ಹೆಂಡತಿ ಈಗ ಗಂಡ ತೀರಿದ ಮೇಲೆ ಪಾಲಿಸುವ ಇದ್ದತ್‌ನಲ್ಲಿದ್ದಾರೆ, ಹೊರಗಿನ ಗಂಡಸರ ಎದುರು ಬರುವುದಿಲ್ಲವಂತೆ. ಬಾರದಿರಲಿ. ನಾಳೆ ಹೋಗಿ ನಿಮ್ಮ ಅಂಗಳದಲ್ಲಿ ನಿಂತು, ಒಳಗಿರುವವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ.