ಕುಸ್ತಿ ಕಣದಲ್ಲಿ ಹೆಂಗಸರ ತಟ್ಟಿ

ಮೊನ್ನೆ ಸೊಸೆ ಸಂತೆಯಿಂದ ಹೊಸ ಮೊರ ತಂದು ಜಗಲಿ ಮೇಲೆ ಇಟ್ಟಳು. ಬಿದಿರು ಇನ್ನೂ ಪೂರಾ ಒಣಗಿರಲಿಲ್ಲ. ಕೈಗೆ ತಗೊಂಡೆ, ಹಸಿ ಬಿದಿರಿನ ವಾಸನೆ ಮೂಗಿಗೆ ಬಡಿಯಿತು... ಸೌತೆಕಾಯಿ ಕುಯ್ದ ಹಾಗೆ, ಅದರಲ್ಲೇ ಒಂಚೂರು ಹೊಗೆ ಬೆರೆತ ಹಾಗೆ. 'ಏನತ್ತೆ, ತೂತಿದೆಯಾ?' ಅಂದಳು ಸೊಸೆ. 'ಇಲ್ಲ ಕಣೆ, ಗಟ್ಟಿಯಾಗೇ ಹೆಣೆದಿದ್ದಾರೆ' ಅಂದೆ. ಆದರೆ ನನ್ನ ತಲೆ ಆಗಲೇ ನನ್ನ ತವರೂರಿನ ಕೊನೇ ಮನೆಯ ಅಂಗಳಕ್ಕೆ ಹೋಗಿತ್ತು.

ಆ ಮನೆಯವಳನ್ನು ನಾವೆಲ್ಲ ತಟ್ಟಿ ಅಕ್ಕ ಅಂತಿದ್ದೆವು. ಬಿದಿರಲ್ಲಿ ಮೊರ, ಕುಕ್ಕೆ, ಮರೆಗೆ ಕಟ್ಟೋ ತಟ್ಟಿ ಹೆಣೆದು ಬದುಕೋಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಬಾಯಿ ಮಾತ್ರ ಅವಳ ಮಚ್ಚಿಗಿಂತ ಚೂಪು. ನಮ್ಮವ್ವನಿಗೆ ಅವಳ ಮೇಲೆ ಅಷ್ಟು ಒಳ್ಳೇ ಅಭಿಪ್ರಾಯ ಇರಲಿಲ್ಲ. ಅವಳ ಅಂಗಳದಲ್ಲಿ ನಾನು ಕೂತರೆ, ಮನೆಗೆ ಬಂದ ಮೇಲೆ ಕಾಲು ತೊಳ್ಕೊಂಡೇ ಒಳಗೆ ಬಾ ಅನ್ನೋಳು. ಆವಾಗ ಹಾಗಿತ್ತು. ಈಗ ಅದನ್ನ ಮುಚ್ಚಿಟ್ಟು ಏನು ಮಾಡಲಿ.

ನಮ್ಮೂರು ಹೊಸ ಅಗ್ರಹಾರದ ಹತ್ತಿರ. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಕೆ.ಆರ್. ನಗರದ ಮಗ್ಗುಲಲ್ಲಿ ದೊಡ್ಡ ಕುಸ್ತಿ ನಡೀತಿತ್ತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದೆಲ್ಲ ಗಾಡಿ ಕಟ್ಟಿಕೊಂಡು ಬರೋರು. ಕಣದ ಸುತ್ತ ತಟ್ಟಿ ಕಟ್ಟಿ, ಟಿಕೀಟು ಇದ್ದವರನ್ನ ಮಾತ್ರ ಒಳಗೆ ಬಿಡೋರು. ಆ ತಟ್ಟಿಯೆಲ್ಲ ಅಕ್ಕನದೇ. ಹಾಗಾಗಿ ಜನ ಎಷ್ಟು ಬಂದಾರು ಅಂತ ಅವಳಿಗೇ ಮೊದಲು ಗೊತ್ತಾಗ್ತಿತ್ತು. ನನಗೆ ಬುದ್ಧಿ ತಿಳಿದಾಗ ಅವಳ ಅಂಗಳಕ್ಕೆ ಕೋಟೆ ಕಾಡಿನಿಂದ ನಾಲ್ಕು ಗಾಡಿ ಬಿದಿರು ಬಂದು ಬೀಳ್ತಿತ್ತು. ಆಮೇಲೆ ಮೂರಾಯ್ತು. ಟೆಂಟು ಸಿನಿಮಾ ಬಂದ ಮೇಲೆ ಎರಡೇ ಗಾಡಿ.

ಕುಸ್ತಿ ಮಾಡಿಸೋ ಯಜಮಾನರು ಒಂದಿನ ಅವಳ ಅಂಗಳಕ್ಕೇ ಬಂದರು. ನಾನು ಕುಕ್ಕೆ ರಿಪೇರಿಗೆ ಅಂತ ಹೋಗಿ ಅಲ್ಲೇ ಇದ್ದೆ.

'ಟೆಂಟಿಗೆ ಜನ ಯಾಕೆ ಹೋಯ್ತಾರೆ ಗೊತ್ತಾ? ಅಲ್ಲಿ ಎಂಗಸ್ರಿಗೆ ಬೇರೆ ಜಾಗ ಐತೆ. ಎಂಡ್ತಿ ಹೊಂಟ್ರೆ ಗಂಡ ಹಿಂದೇನೇ ಹೋಯ್ತಾನೆ. ನಾನೂ ಎಂಗಸ್ರಿಗೆ ಒಂದು ಮೂಲೆ ಮಾಡ್ತೀನಿ. ಮುಂದುಗಡೆ ತಟ್ಟಿ ಕಟ್ಟು. ಸೂಜಿ ತೂರಬಾರದು, ಅಂಗಿರಬೇಕು' ಅಂದರು.

'ಸೂಜಿ ತೂರದಿದ್ರೆ ಕಣ್ಣು ಎಂಗೆ ತೂರ್ತದೆ ಬುದ್ಧಿ? ಎಂಗಸ್ರು ಕುಸ್ತಿ ನೋಡೋಕೆ ಬತ್ತಾರೋ, ತಟ್ಟಿ ನೋಡೋಕೆ ಬತ್ತಾರೋ?'

'ಲಂಗೋಟಿ ಕಟ್ಟಿದ ಗಂಡಸ್ರನ್ನ ಎಂಗಸ್ರು ನೆಟ್ಟಗೆ ನೋಡೋದುಂಟಾ? ಬಂದು ಕೂತ್ಕೊಂಡು ತಮಟೆ ಕೇಳಲಿ, ಸಾಕು.'

ಅಕ್ಕ 'ಔದು ಬುದ್ಧಿ' ಅಂದಳು. ಅವರು ಹೋದ ಮೇಲೆ ತನಗೆ ತೋಚಿದ ಹಾಗೇ ಹೆಣೆದಳು. ಬಿದಿರನ್ನು ಸಣ್ಣಗೆ ಸೀಳಿ, ಕಡ್ಡಿ ಕಡ್ಡಿಗೂ ಒಂದು ನೂಲಿನಷ್ಟು ಸಂದು ಬಿಟ್ಟು ಕಟ್ಟಿದಳು. ಹಿಂದೆ, ಪಕ್ಕದಲ್ಲಿ, ಮೇಲೆ ತೆಂಗಿನ ಸೋಗೆ ಒತ್ತಾಗಿ ಹೊದಿಸಿ ಒಳಗೆ ಕತ್ತಲು ಮಾಡಿದಳು. ಕತ್ತಲಲ್ಲಿ ಕೂತವರಿಗೆ ಬಿಸಿಲಲ್ಲಿರೋ ಕಣ ಪೂರಾ ಕಾಣ್ತದೆ, ಬಿಸಿಲಲ್ಲಿ ನಿಂತವನಿಗೆ ಒಳಗಿನದು ಏನೂ ಕಾಣಲ್ಲ. ಯಜಮಾನರು ಬಂದು ಕಣದ ಮಧ್ಯ ನಿಂತು ನೋಡಿದರು. ಗೋಡೆ ಹಾಗೆ ಕಂಡಿರಬೇಕು. ತಲೆ ಆಡಿಸಿ ಹೋದರು.

ಮೊದಲನೇ ವರ್ಷ ಆ ಮೂಲೆಗೆ ಬಂದೋರು ಮೂರೇ ಜನ. ಅಕ್ಕ, ಊರಿನ ಸೂಲಗಿತ್ತಿ, ಮತ್ತೆ ಯಜಮಾನರ ತಾಯಿ. ಆ ಮುದುಕಿಯನ್ನ ಮಗನೇ ಬಲವಂತವಾಗಿ ಕೂರಿಸಿದ್ದು, ಅವರು ಕುಸ್ತಿ ಮುಗಿಯೋವರೆಗೂ ನಿದ್ದೆ ಹೊಡೆದರಂತೆ. ಅಕ್ಕ ಸುಮ್ಮನಾಗಲಿಲ್ಲ. ಮೊರ ಮಾರೋ ನೆಪದಲ್ಲಿ ಬೀದಿ ಬೀದಿ ತಿರುಗಿ, ಗಂಡಸರಿಲ್ಲದ ಹೊತ್ತು ನೋಡಿ, ಹೆಂಗಸರ ಕಿವೀಲಿ ಹೇಳಿದಳು, ಎಲ್ಲ ಕಾಣ್ತದೆ ಕಣವ್ವ ಅಂತ. ಎರಡನೇ ವರ್ಷ ಕೂರೋಕೆ ಜಾಗ ಸಾಲಲಿಲ್ಲ. ಹೆಂಗಸರು ಬಂದ ಮೇಲೆ ಯಜಮಾನರು ಅಂದ ಹಾಗೇ ಗಂಡಸರೂ ಬಂದರು. ಮೂರನೇ ವರ್ಷ ಅಕ್ಕನ ಅಂಗಳಕ್ಕೆ ಮತ್ತೆ ನಾಲ್ಕು ಗಾಡಿ ಬಿದಿರು. ಏನು ಕಾಣ್ತದೆ ಅನ್ನೋದನ್ನ ಒಬ್ಬ ಹೆಂಗಸೂ ಮನೇಲಿ ಬಾಯಿ ಬಿಟ್ಟಿರಲಿಲ್ಲ.

ಆ ಮೂರನೇ ವರ್ಷವೇ ಅಪ್ಪ ನನಗೆ ಗಂಡು ಗೊತ್ತು ಮಾಡಿದ್ದು. ಹುಣಸೂರು ಕಡೆಯ ಪೈಲ್ವಾನ. ಅಪ್ಪನಿಗೆ ಕುಸ್ತಿ ಅಂದರೆ ಹುಚ್ಚು. 'ಅವನ ಬೆನ್ನಿಗೆ ಇವತ್ತಿನವರೆಗೂ ಮಣ್ಣು ಅಂಟಿಲ್ಲ' ಅಂತ ಊರೆಲ್ಲ ಹೇಳಿಕೊಂಡು ಬಂದ. ನನಗೆ ಹದಿನೇಳು. ಹುಡುಗ ಹೇಗಿದ್ದಾನೆ ಅಂತ ಕೇಳಿದರೆ ಅವ್ವ, 'ಧಾರೆ ದಿನ ನೋಡ್ಕೊಳ್ಳಿವಂತೆ, ಎಲ್ಲೂ ಓಡಿ ಹೋಗಲ್ಲ ಬುಡು' ಅಂದಳು.

ತಟ್ಟಿ ಅಕ್ಕನಿಗೆ ಹೇಳಿದೆ. 'ಈ ಸಲದ ಕುಸ್ತೀಲಿ ಅವನ ಜೋಡಿ ಕಟ್ಟವ್ರೆ. ನಿಮ್ಮವ್ವನ್ನೂ ಕರ್ಕೊಂಡು ಬಾ. ಜೀವಮಾನ ಪೂರಾ ನೋಡೋ ಮುಖಾನ ಮೊದಲೇ ಒಂದು ಗಂಟೆ ನೋಡು' ಅಂದಳು. ಅವ್ವನಿಗೂ ಅಳಿಯನ್ನ ನೋಡೋ ಆಸೆ ಇತ್ತು ಅಂತ ಕಾಣ್ತದೆ, ಬೈದುಕೊಂಡೇ ಹೊರಟಳು.

ಮಧ್ಯಾಹ್ನದ ಬಿಸಿಲು. ಕಣದ ಮಣ್ಣು ಕೆಂಪಗೆ, ಅರಿಶಿನ ಎಣ್ಣೆ ಬೆರೆಸಿ ಹದ ಮಾಡಿದ್ದು. ಹುಡುಗ ಇಳಿದ. ಚೆನ್ನಾಗಿದ್ದ, ಸುಳ್ಳು ಯಾಕೆ ಹೇಳಲಿ. ಎತ್ತರ, ಅಗಲ, ಹಣೆಗೆ ವಿಭೂತಿ. ಅವ್ವ ನನ್ನ ತೊಡೆ ಚಿವುಟಿದಳು, ಖುಷಿಗೆ. ಎದುರಾಳಿ ಪಿರಿಯಾಪಟ್ಟಣ ಕಡೆಯ ಹುಡುಗ, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಹತ್ತು ನಿಮಿಷ ಹಿಡಿದಾಡಿದರು. ನಮ್ಮ ಹುಡುಗ ಅವನನ್ನ ಎತ್ತಿ ಬೆನ್ನಿನ ಮೇಲೆ ಕೆಡವಿದ. ಕುಸ್ತಿ ಬಿಡಿಸೋ ಹಿರಿಯರು ಇವನ ಬೆನ್ನು ತಟ್ಟಿ, ಗೆದ್ದೆ ಬಿಡು ಅಂದು ಜನರ ಕಡೆ ತಿರುಗಿದರು.

ಅವನು ಬಿಡಲಿಲ್ಲ.

ಗಂಡಸರೆಲ್ಲ ಎದ್ದು ನಿಂತು ಟವೆಲ್ಲು ತೂರ್ತಿದ್ದರು. ಅವರಿಗೆ ಅವನ ಬೆನ್ನು ಮಾತ್ರ ಕಾಣ್ತಿತ್ತು. ಹೆಂಗಸರ ಮೂಲೆ ಗಂಡಸರು ಯಾರೂ ಕೂರದ ಹಿಂದುಗಡೆ ಇತ್ತಲ್ಲ, ಅವನ ಮುಖ ನಮ್ಮ ಕಡೆಗಿತ್ತು. ಕೆಳಗೆ ಬಿದ್ದವನ ಕೈಯನ್ನ ತನ್ನ ಎದೆಗೆ ಒತ್ತಿಕೊಂಡು ನಿಧಾನಕ್ಕೆ ಹಿಂದಕ್ಕೆ ತಿರುಚಿದ. ತಮಟೆ ಜೋರಿತ್ತು, ಏನೂ ಕೇಳಲಿಲ್ಲ. ಬಿದ್ದವನ ಬಾಯಿ ತೆರೆದಿದ್ದು ಮಾತ್ರ ಕಂಡಿತು. ಇವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಒಪ್ಪಿಕೊಳ್ತಿದ್ದೆನೇನೋ, ನಮ್ಮಪ್ಪನೂ ಸಿಟ್ಟಿನವನೇ. ಇವನ ಮುಖದಲ್ಲಿ ಖುಷಿ ಇತ್ತು... ಉಣ್ಣುವಾಗ ರುಚಿಯಾದ್ದು ಸಿಕ್ಕಿದ ಹಾಗೆ. ಆಮೇಲೆ ಕೈ ಬಿಟ್ಟು, ಎದ್ದು, ಜನರ ಕಡೆ ತಿರುಗಿ ಕೈ ಮುಗಿದ.

ಅವ್ವ ನನ್ನ ತೊಡೆ ಮೇಲಿದ್ದ ಕೈ ತೆಗೆದಳು. ಅಕ್ಕ ನನ್ನ ಮುಖ ನೋಡಿ, ತಿರುಗಿ ಕೂತಳು.

ಮನೆಗೆ ಬಂದು ನಾನು ಒಲ್ಲೆ ಅಂದೆ.

'ಗೆದ್ದೋನ್ನ ಒಲ್ಲೆ ಅಂತೀಯಲ್ಲ, ಸೋತೋನು ಬೇಕಾ ನಿಂಗೆ?' ಅಂದ ಅಪ್ಪ.

'ಗೆದ್ದ ಮೇಲೂ ಕೈ ಮುರಿದ. ನೋಡ್ದೆ.'

'ನಾನು ಎದುರಿಗೇ ಕೂತಿದ್ದೆ, ನಂಗೆ ಕಾಣಲಿಲ್ಲ. ತಟ್ಟಿ ಹಿಂದೆ ಕೂತವಳಿಗೆ ಕಾಣ್ತಾ? ಸೂಜಿ ತೂರದ ತಟ್ಟಿ ಅಂತ ಯಜಮಾನ್ರೇ ಹೇಳವ್ರೆ. ಯಾರು ನಿನ್ನ ತಲೆ ಕೆಡಿಸಿದ್ದು?'

ನಾನು ಅವ್ವನ ಮುಖ ನೋಡಿದೆ, ಅವ್ವ ನೆಲ ನೋಡಿದಳು. ಕಾಣ್ತದೆ ಅಂದರೆ ಅಕ್ಕನ ಕೆಲಸ ಹೋಯ್ತು, ಹೆಂಗಸರ ಮೂಲೆಯೂ ಹೋಯ್ತು. ಕಾಣಲ್ಲ ಅಂದರೆ ನಾನು ಸುಳ್ಳಿ. ಇಬ್ಬರೂ ಬಾಯಿ ಬಿಡಲಿಲ್ಲ. ಸೋಮವಾರ ಎಲೆ ಅಡಿಕೆ ಬದಲಾಯಿಸೋದು ಅಂತ ಹೇಳಿ ಅಪ್ಪ ಎದ್ದು ಹೋದ.

ಮಾರನೇ ಬೆಳಗ್ಗೆ ಅಕ್ಕನ ಹತ್ತಿರ ಓಡಿದೆ. ಎಲ್ಲ ಕೇಳಿಸಿಕೊಂಡಳು.

'ಕಾಣ್ತದೆ ಅಂತ ಯಾಕೆ ಏಳಲಿಲ್ಲ ನೀನು?'

'ನಿನ್ನ ತಟ್ಟಿ ಕೆಲಸ ಹೋಗ್ತದಲ್ಲ ಅಕ್ಕ.'

'ನೀನು ಬಾಯಿ ಮುಚ್ಕೊಂಡಿದ್ರೆ ಸೋಮವಾರ ನಿಲ್ತದಾ? ಬುದ್ಧಿಗಿದ್ಧಿ ಐತಾ ನಿಂಗೆ?'

ಮಚ್ಚು ಒರೆಸಿ ಪಕ್ಕಕ್ಕಿಟ್ಟು, ಸೀರೆ ಕೊಡವಿ, ನೆಟ್ಟಗೆ ನಮ್ಮ ಮನೆ ಮುಂದೆ ಹೋಗಿ ನಿಂತಳು. 'ಬುದ್ಧಿ, ಮಗಳು ಸುಳ್ಳು ಏಳ್ತಿಲ್ಲ. ಆ ಮೂಲೆ ಇನ್ನೂ ಬಿಚ್ಚಿಲ್ಲ. ಬಂದು ಒಳಗೆ ಕೂತು ನೀವೇ ನೋಡಿ' ಅಂದಳು. ಅಪ್ಪ ಗೊಣಗಿಕೊಂಡೇ ಗಾಡಿ ಕಟ್ಟಿದ. ನಾನೂ ಹತ್ತಿದೆ, ಬೇಡ ಅನ್ನಲಿಲ್ಲ.

ಕಣ ಖಾಲಿ. ಅಪ್ಪ ಹೆಂಗಸರ ಚಾಪೆ ಮೇಲೆ ಸಂಕೋಚದಿಂದ ಕೂತ. ಅಕ್ಕ ಬಿಸಿಲಿಗೆ ಹೋಗಿ ಕಣದ ಮಧ್ಯ ನಿಂತಳು.

'ಈಗ ನಾನು ಏನು ಮಾಡ್ದೆ ಬುದ್ಧಿ?'

ಒಳಗೆ ಅಪ್ಪ ತಟ್ಟಿ ಹತ್ತಿರಕ್ಕೆ ಸರಿದು ಕಣ್ಣಿಟ್ಟ. ಆಮೇಲೆ ಅಂದ: 'ನಂಗೇ ನಾಲಿಗೆ ತೋರಿಸ್ದೆ.'

'ತಪ್ಪಾಯ್ತು. ಕಾಣ್ತದೋ ಇಲ್ವೋ?'

'ಕಾಣ್ತದೆ.'

ಅಪ್ಪ ಎದ್ದು ಹೊರಗೆ ಬಂದ. ಆಮೇಲೆ ಮೂಳೆ ಕಟ್ಟೋರ ಮನೇಲಿ ಮಲಗಿದ್ದ ಆ ಪಿರಿಯಾಪಟ್ಟಣದ ಹುಡುಗನನ್ನ ಹೋಗಿ ನೋಡಿ ಬಂದ. ಅಲ್ಲಿ ಏನು ಕೇಳಿದನೋ, ಏನು ನೋಡಿದನೋ ಹೇಳಲಿಲ್ಲ. ಮನೆಗೆ ಬಂದು ಅವ್ವನಿಗೆ ಒಂದೇ ಮಾತು, 'ಸೋಮವಾರ ಯಾರೂ ಬರಲ್ಲ. ಅಡಿಗೆ ಏನೂ ಮಾಡಬೇಡ.'

ಸಂಬಂಧ ಮುರಿದರೆ ಕಾರಣ ಕೇಳ್ತಾರೆ. ಗಂಡಿನ ಕಡೆಯವರು ಜಗಳಕ್ಕೆ ಬಂದಾಗ ಅಪ್ಪ, ಹೆಂಗಸರು ಕಣ್ಣಾರೆ ಕಂಡವ್ರೆ ಅಂದುಬಿಟ್ಟ. ಅದು ಯಜಮಾನರ ಕಿವಿಗೆ ಹೋಯ್ತು. ಮುಂದಿನ ವರ್ಷ ಹೆಂಗಸರ ಮೂಲೆಗೆ ತಗಡು ಬಡಿಸಿದರು. ಕಣದ ಸುತ್ತಲ ತಟ್ಟಿ ಬೇಲಿಯನ್ನೂ ಹುಣಸೂರಿನ ಇನ್ಯಾರಿಗೋ ವಹಿಸಿದರು. ಹೆಂಗಸರು ಆ ಕಾದ ತಗಡಿನ ಹಿಂದೆ ಅರ್ಧ ಗಂಟೆ ಬೆವರಿ ಎದ್ದು ಹೋದರು. ಅದರ ಮುಂದಿನ ವರ್ಷ ಒಬ್ಬಳೂ ಬರಲಿಲ್ಲ. ಟೆಂಟು ತುಂಬಿತು. ಕುಸ್ತಿಗೆ ಬರೋ ಗಂಡಸರೂ ಕಮ್ಮಿಯಾಗ್ತಾ ಬಂದರು.

ಅಪ್ಪ ಯಜಮಾನರ ಹತ್ತಿರ ಅಕ್ಕನ ಪರವಾಗಿ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ನಾನೂ ಆಡು ಅನ್ನಲಿಲ್ಲ. ನನ್ನಿಂದ ಹಿಂಗಾಯ್ತಲ್ಲ ಅಕ್ಕ ಅಂದಾಗ ಅವಳು, 'ಸುಮ್ಕಿರು, ನಿನ್ನಿಂದ ಒಂದು ಕಡ್ಡಿ ಸೀಳೋಕೂ ಆಗಲ್ಲ, ಇನ್ನು ಇದೆಲ್ಲ ಎಲ್ಲಿ ಆಯ್ತದೆ' ಅಂತ ನಕ್ಕಳು. ಅಷ್ಟೇ. ತಗಡು ಬಡಿಸಿದ ವರ್ಷವೇ ನನ್ನ ಮದುವೆಯಾಯ್ತು, ಪಿರಿಯಾಪಟ್ಟಣದ ಹತ್ತಿರದ ಒಬ್ಬ ಹೊಗೆಸೊಪ್ಪಿನ ರೈತನ ಜೊತೆ. ನಮ್ಮ ಮನೆಯವರು ಕುಸ್ತಿ ಅಂದರೆ ಆಕಳಿಸೋರು. ನಲವತ್ತೆಂಟು ವರ್ಷ ಬಾಳಿದೆವು. ಜಗಳ ಆಡಿದ್ದೇವೆ, ಮಾತು ಬಿಟ್ಟಿದ್ದೇವೆ. ಅವರು ನನ್ನ ಮೇಲೆ ಕೈ ಎತ್ತಲಿಲ್ಲ, ಎತ್ತಿನ ಮೇಲೂ ಸುಮ್ಮಸುಮ್ಮನೆ ಚಾಟಿ ಎತ್ತಲಿಲ್ಲ.

ಬೇಲಿ ಕೆಲಸ ಹೋದ ಮೇಲೆ ಅಕ್ಕ ಕೋಟೆ ಕಡೆ ತಂಗಿ ಮನೆಗೆ ಹೋದಳು. ಅವಳು ಸತ್ತಿದ್ದು ನನಗೆ ಗೊತ್ತಾಗಿದ್ದು ಎರಡು ವರ್ಷ ಆದ ಮೇಲೆ, ಬಿದಿರು ಗಾಡಿಯವನ ಬಾಯಲ್ಲಿ. ಅವಳು ಮಾಡಿದ್ದಕ್ಕೆ ಬದಲು ನಾನೇನೂ ಮಾಡಲಿಲ್ಲ. ಒಂದು ಸಲ ಕರೆದು ನಮ್ಮನೇಲಿ ಊಟಕ್ಕೂ ಕೂರಿಸಲಿಲ್ಲ. ಇಷ್ಟು ಬರೆಯೋದು ಬಿಟ್ಟರೆ ಈಗ ಕೈಲಾಗೋದು ಬೇರೆ ಏನೂ ಇಲ್ಲ.

ಹೋದ ವರ್ಷ ಮೊಮ್ಮಗಳ ಕಬಡ್ಡಿ ನೋಡೋಕೆ ಹುಣಸೂರಿಗೆ ಹೋಗಿದ್ದೆ. ಸಿಮೆಂಟಿನ ಮೆಟ್ಟಿಲು, ಮುಕ್ಕಾಲು ಖಾಲಿ. ಎಲ್ಲರೂ ಫೋನಲ್ಲೇ ನೋಡ್ತಾರಜ್ಜಿ ಅಂದಳು. ಫೋನಲ್ಲಿ ಅವರು ತೋರಿಸಿದ್ದನ್ನ ನೋಡಬೇಕು, ಇಲ್ಲಿ ನನಗೆ ಬೇಕಾದ್ದನ್ನ ನೋಡ್ತೀನಿ ಅಂದೆ. ನಕ್ಕಳು.

ಆ ಪೈಲ್ವಾನ, ನಮ್ಮ ಸಂಬಂಧ ಮುರಿದ ಮಾರನೇ ವರ್ಷ, ಚುಂಚನಕಟ್ಟೆ ಕಡೆಯ ಹುಡುಗಿಯನ್ನ ಮದುವೆಯಾದ ಅಂತ ಕೇಳಿದ್ದೆ. ಆಮೇಲೆ ಏನೂ ತಿಳಿಯಲಿಲ್ಲ, ನಾನು ವಿಚಾರಿಸಲೂ ಇಲ್ಲ. ತಟ್ಟಿ ಅಕ್ಕನನ್ನ ನೆನೆಸಿಕೊಂಡಾಗೆಲ್ಲ ನಾನು ಮುಖವನ್ನೇ ನೋಡದ ಆ ಹುಡುಗಿಯೂ ಜೊತೆಗೆ ಬರ್ತಾಳೆ. ಅವಳೂ ಅವ್ವನ ಜೊತೆ ಗಂಡು ನೋಡೋಕೆ ಕುಸ್ತಿಗೆ ಬಂದಿದ್ದಳೋ ಏನೋ... ಬಂದಿದ್ದರೂ ಆ ವರ್ಷ ತಗಡು ಬಡಿದಿದ್ದರು.