ಮಂಚದ ಕಾಲ ಬಳಿ ನಿಂತವಳು

ನನ್ನ ಮಗ ಈಗ ಎದುರಿಗೆ ಕೂತು ಮುದ್ದೆ ಉಣ್ಣುತ್ತಿದ್ದಾನೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಕಂಪಲಾಪುರದ ಆಚೆ ನಮ್ಮ ಜೋಳದ ಹೊಲದಲ್ಲಿ ಕಾಡುಹಂದಿ ಅವನನ್ನು ಕೆಡವಿ ತಿವಿದಿತ್ತು. ನಾನು ಓಡಿಹೋಗುವಷ್ಟರಲ್ಲಿ ತೊಡೆ ಸೀಳಿ ಮಾಂಸ ಜೋತಾಡುತ್ತಿತ್ತು, ಮಣ್ಣು ರಕ್ತಕ್ಕೆ ಕೆಸರಾಗಿತ್ತು. ಗಾಯವೆಂದರೆ ಕಾಫಿಪುಡಿ ಮೆತ್ತುವುದು ನಮ್ಮ ಕಡೆಯ ರೂಢಿ. ಸೊಸೆಯ ತಮ್ಮ ಡಬ್ಬಿಯ ಪುಡಿಯನ್ನೆಲ್ಲ ತುಂಬಿ, ಮೈಗೆ ಕಂಬಳಿ ಸುತ್ತಿದ. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹುಣಸೂರಿಗೆ ಹೊರಟೆವು.

ಆಸ್ಪತ್ರೆಯಲ್ಲಿ ಆಗ ಡ್ಯೂಟಿಯಲ್ಲಿದ್ದ ಡಾಕ್ಟರು ನನ್ನ ಮೊಮ್ಮಗಳೇ, ಇದೇ ಮಗನ ಮಗಳು. ಪುಡಿ ನೋಡಿದವಳೇ ಕಿಡಿಕಿಡಿಯಾದಳು.

"ಯಾರು ಇದನ್ನ ತುಂಬಿದ್ದು? ಸಾಯ್ಸೋಕೆ ಹೊರಟಿದ್ರಾ?"

ಸೊಸೆಯ ತಮ್ಮ ಗೋಡೆಗೆ ಒರಗಿ ತಲೆ ತಗ್ಗಿಸಿದ.

ಅವಳು ಮಂಚದ ಕಾಲ ಬಳಿ ಕೈಕಟ್ಟಿ ನಿಂತಳು. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹೇಳಿದಳು.

"ತೊಡೆ ಒತ್ತಿ ಹಿಡೀರಿ."

"ತೊಡೆ ಒತ್ತಿ ಹಿಡ್ದಿದೀನಿ ಡಾಕ್ಟ್ರೇ," ಎಂದಳು ನರ್ಸು. ಹೇಳಿದ್ದನ್ನು ತಿರುಗಿ ಹೇಳದೆ ಅಲ್ಲಿ ಯಾರೂ ಏನೂ ಮಾಡುತ್ತಿರಲಿಲ್ಲ.

"ಅತ್ತೆ, ಹೆತ್ತಪ್ಪನ್ನ ಮುಟ್ತಾನೇ ಇಲ್ವಲ್ಲ ಇವ್ಳು," ಎಂದಳು ಸೊಸೆ. ನನಗೂ ಅವಳ ಮೇಲೆ ಅದೇ ಸಿಟ್ಟಿತ್ತು.

ಮಗ ಗೂಳಿಯ ಹಾಗೆ ಅರಚಿ ನರ್ಸಿನ ಎದೆಗೇ ಒದ್ದ. ಕೈಗೆ ಚುಚ್ಚಿದ್ದ ಸೂಜಿ ಕಿತ್ತು ಬಂದು ರಕ್ತ ಗೋಡೆಗೆ ಚಿಮ್ಮಿತು. ನಾಲ್ಕು ಜನ ಬಿದ್ದು ಅದುಮಿದರು. ಆಮೇಲೆ ಅವನು ಒದೆಯುವುದನ್ನೇ ಬಿಟ್ಟ. ಅದನ್ನು ನೋಡಿ ಇನ್ನೂ ಭಯವಾಯಿತು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತು.

"ತೊಡೆ ರಕ್ತ ನಿಂತಿದೆ, ಬೀಪಿ ಮಾತ್ರ ಇಳೀತಾನೇ ಇದೆ," ಎಂದಳು ನರ್ಸು.

ಮೊಮ್ಮಗಳು ನೇರ ಗೋಡೆಗೆ ಒರಗಿದ್ದವನ ಕಡೆ ತಿರುಗಿದಳು.

"ಮಾವ, ಬೈದಿದ್ದು ನನ್ನ ತಪ್ಪು. ಇನ್ನು ಬೈಯಲ್ಲ. ಬೇರೆ ಎಲ್ಲಾದ್ರೂ ತುಂಬಿದೀಯಾ?"

ಅವನು ತಲೆ ಎತ್ತಿದ. "ಬೆನ್ಗೂ ತುಂಬಿವ್ನಿ ಕಣವ್ವ. ಅಲ್ಲೇ ಜಾಸ್ತಿ ತಿವ್ದಿತ್ತು."

"ಎಲ್ರೂ ಕೇಳಿಸ್ಕೊಂಡ್ರಾ? ಬೆನ್ನು. ನಾನು ಮೂರು ಅಂದಾಗ ತಿರುಗಿಸಿ."

ತಿರುಗಿಸಿದರು. ಕಂಬಳಿ ಕೆಳಗೆ, ಪಕ್ಕೆಲುಬಿನ ಬಳಿ ನನ್ನ ಮುಷ್ಟಿ ಹಿಡಿಸುವಷ್ಟು ತೂತು. ಕಪ್ಪು ಗಸಿಯ ಅಡಿಯಿಂದ ರಕ್ತ ಬುಳುಬುಳು ಉಕ್ಕುತ್ತಿತ್ತು. ಒಬ್ಬ ಹತ್ತಿ ಬಟ್ಟೆ ಒಳಕ್ಕೆ ತುರುಕಿ ಮೈಭಾರವನ್ನೆಲ್ಲ ಹಾಕಿ ಒತ್ತಿದ. ಇನ್ನೊಬ್ಬಳು ರಕ್ತದ ಚೀಲ ತೂಗುಹಾಕಿದಳು. ಆಗಲೂ ನನ್ನ ಹುಡುಗಿ ಜಾಗ ಬಿಟ್ಟು ಕದಲಲಿಲ್ಲ. ಅವಳು ಅಪ್ಪನ ಮೇಲೆ ಬಿದ್ದು ಅತ್ತಿದ್ದರೆ ಮಾವನ ಬಾಯಿ ಬಿಡಿಸುವವರು ಯಾರಿದ್ದರು?

"ಬೀಪಿ ಏರ್ತಾ ಇದೆ ಡಾಕ್ಟ್ರೇ."

"ಏರ್ತಾ ಇದೆ," ಎಂದಳು ಇವಳೂ. ಆಗ ಮಾತ್ರ ಅವಳ ದನಿ ನಡುಗಿತು.

ಆಂಬುಲೆನ್ಸಿನಲ್ಲಿ ಅವನನ್ನು ಮೈಸೂರಿಗೆ ಕಳಿಸಿದ ಮೇಲೆ, ಸೀರೆಯೆಲ್ಲ ಮಗನ ರಕ್ತವಾಗಿದ್ದರೂ ಆಸ್ಪತ್ರೆಯ ಜಗಲಿಯಲ್ಲಿ ನಿಂತು ನಕ್ಕೆ. ಚೀಟಿ ಮಾಡಿಸಲು ನಿಂತಿದ್ದವರು ಹೆದರಿ ಪಕ್ಕಕ್ಕೆ ಸರಿದರು. ಒಬ್ಬೊಬ್ಬರ ಕೈ ಹಿಡಿದು ಹೇಳಿದೆ:

"ಒಳಗವ್ಳಲ್ಲ ಡಾಕ್ಟ್ರು, ನಮ್ ಹುಡ್ಗಿ ಕಣ್ರಪ್ಪ ಅವ್ಳು."