ನನ್ನ ಕೋಳಿಗೂಡು, ಪಕ್ಕದ ಮನೆಯ ನಾಯಿ

ಮದುವೆಯಾಗಿ ಮುನವಳ್ಳಿಗೆ ಬಂದ ಮೂರನೆಯ ವರ್ಷ ನಾನೇ ಕೈಯಾರೆ ಒಂದು ಕೋಳಿಗೂಡು ಕಟ್ಟಿದೆ. ತೊಂಬತ್ತರ ದಶಕದ ಕೊನೆಯ ಮಾತಿದು. ಅಲ್ಲಿಯವರೆಗೆ ಹಿತ್ತಲಿನ ಏಳು ಕೋಳಿಗಳನ್ನು ಅತ್ತೆ ಸಂಜೆಯಾಗುತ್ತಲೇ ಹಿಡಿದು ಬಿದಿರು ಬುಟ್ಟಿ ಕವುಚಿ, ಮೇಲೊಂದು ಕಲ್ಲು ಹೇರಿ ಇಡುತ್ತಿದ್ದರು. ಅವರ ಮೊಣಕಾಲು ನೋವು ಹೆಚ್ಚಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ದಿನ ಕೋಳಿಗಳ ಹಿಂದೆ ಓಡಿ ಸಾಕಾಗಿ, ಗೂಡು ಕಟ್ಟುತ್ತೇನೆ ಎಂದೆ. ಗಂಡ ಟೆಂಪೊ ಓಡಿಸುತ್ತಿದ್ದರು. ಸವದತ್ತಿ, ರಾಮದುರ್ಗ ಅಂತ ಸಂತೆ ಸಂತೆ ತಿರುಗುವವರಿಗೆ ಪುರುಸೊತ್ತೆಲ್ಲಿಂದ ಬರಬೇಕು? ಹೆಣ್ಣುಮಕ್ಕಳು ಸುತ್ತಿಗೆ ಹಿಡಿಯುವುದೇ ಎಂದು ನಕ್ಕರು. ಆ ನಗೆಯೇ ನನಗೆ ಹಟ ಹಿಡಿಸಿತು.

ಹಲಗೆ ಕೊಟ್ಟವರು ಪಕ್ಕದ ಮನೆಯ ಅಕ್ಕ. ಲಿಂಗಾಯತರ ಮನೆ, ಕೋಳಿ ಮೊಟ್ಟೆ ಹೊಸ್ತಿಲು ದಾಟುವಂತಿಲ್ಲ. ಆದರೂ ತಮ್ಮ ಕೊಟ್ಟಿಗೆಯ ಹಳೆಯ ಬಾಗಿಲನ್ನು ಗೋಡೆಯ ಮೇಲಿಂದ ದಾಟಿಸಿ, "ಗೆದ್ದಲ ತಿನ್ನೂಕ್ಕಿಂತ ನಿನ್ನ ಕೋಳಿಗರ ಆಗ್ಲಿ, ತಗೊ" ಅಂದಿದ್ದರು. ನಾಲ್ಕು ಜಾಲಿಯ ಗೂಟ ನೆಟ್ಟು, ಬಾಗಿಲನ್ನು ಬಿಚ್ಚಿ ಹಲಗೆ ಹೊಡೆದು, ಮುಂದೆ ತಂತಿಜಾಳಿಗೆ, ಮೇಲೆ ತಗಡು. ಹಳೆಯ ಸೈಕಲ್ ಟೈರನ್ನು ಕತ್ತರಿಸಿ ಕದಕ್ಕೆ ಬಿಜಾಗರಿ ಮಾಡಿದೆ. ಹೆಬ್ಬೆರಳಿನ ಉಗುರು ಕಪ್ಪಾಯಿತು. ಗೂಡು ಸ್ವಲ್ಪ ಒಂದು ಕಡೆ ವಾಲಿತ್ತು, ಆದರೆ ನಿಂತಿತ್ತು.

ಅತ್ತೆ ಬಂದು ಸುತ್ತ ನೋಡಿದರು. ಕೆಳಗೆ ಹಾಸುಗಲ್ಲು ಹಾಕು, ಇಲ್ಲದಿದ್ದರೆ ಮುಂಗುಸಿ ನೆಲ ಬಗೆದು ಬರುತ್ತದೆ ಎಂದರು. ಬೇಸಿಗೆಯಲ್ಲಿ ಮಣ್ಣು ತಂಪು ಎಂದು ನಾನು ವಾದಿಸಿದೆ. ನಿಜವೆಂದರೆ ಕಲ್ಲು ಹೊರಲು ಬೇಜಾರಾಗಿತ್ತು. ಮೇಲಾಗಿ, ಕಟ್ಟಿದ ಮೇಲೆ ತಪ್ಪು ಹುಡುಕುತ್ತಾರಲ್ಲ ಎಂಬ ಸಿಟ್ಟು.

ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ಕೋಳಿ ಕಾವು ಕೂತು ಒಂಬತ್ತು ಮರಿ ಮಾಡಿತು. ಒಂದು ಮಧ್ಯಾಹ್ನ ಹಿತ್ತಲಲ್ಲಿ ನಾಯಿ ಬೊಗಳುವುದು ಕೇಳಿ ಓಡಿದೆ. ತಾಯಿಕೋಳಿ ಗೂಡಿನೊಳಗೆ ಕುತ್ತಿಗೆ ಮುರಿದು ಬಿದ್ದಿತ್ತು, ಮರಿಗಳಲ್ಲಿ ಮೂರೇ ಉಳಿದಿದ್ದವು. ಜಾಳಿಗೆಗೆ ಮೂತಿ ಒತ್ತಿ ನಿಂತಿದ್ದದ್ದು ಅಕ್ಕನ ಮನೆಯ ಕಂದು ನಾಯಿ.

ನಾನು ಬೇರೇನೂ ನೋಡಲಿಲ್ಲ. ಸತ್ತ ಕೋಳಿಯ ಕಾಲು ಹಿಡಿದುಕೊಂಡು ಓಣಿಗೆ ಬಂದೆ. ಅವತ್ತು ಓಣಿಯ ನಳಕ್ಕೆ ನೀರು ಬಂದಿತ್ತು, ಕೊಡ ಹಿಡಿದು ಹತ್ತಾರು ಹೆಂಗಸರು ನಿಂತಿದ್ದರು, ಅಕ್ಕನೂ ಇದ್ದರು. ಎಲ್ಲರ ಮುಂದೆ ಕೋಳಿಯನ್ನು ಅವರ ಕಾಲ ಬಳಿ ಹಾಕಿ ಕೂಗಾಡಿದೆ. ಕೊನೆಗೆ ಅಂದದ್ದು ಇದು: "ನಮ್ಮ ಕೋಳಿ ಸತ್ರ ನಿಮಗೇನ್ರಿ? ನಿಮ್ಮ ಮನ್ಯಾಗ ಖುಷಿನ ಆಗಿರಬೇಕು."

ಹಳೆಯ ಬಾಗಿಲು ಕೊಟ್ಟವರಿಗೆ ಆ ಮಾತು. ಅಕ್ಕ ಅರ್ಧ ತುಂಬಿದ ಕೊಡ ಎತ್ತಿಕೊಂಡು ಒಳಗೆ ಹೋದರು. ಮರುದಿನ ಸಿರಸಂಗಿಯಿಂದ ಅವರ ಅಣ್ಣ ಟ್ರ್ಯಾಕ್ಟರ್ ತಂದಿದ್ದರು. ವಾಪಸು ಹೋಗುವಾಗ ನಾಯಿಯನ್ನು ಹಿಂದಿನ ಟ್ರೇಲರಿಗೆ ಹತ್ತಿಸಿ ಕಟ್ಟಿಕೊಂಡು ಹೋದರು. ಗೆದ್ದೆ ಎಂದುಕೊಂಡು ಕಿಟಕಿಯಿಂದ ನೋಡಿದೆ.

ವಾರ ಕಳೆದಿರಲಿಲ್ಲ. ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಕೋಳಿಗಳು ಚೀರಿದವು. ಗೂಡಿನ ಹಿಂಬದಿಯ ಜೋಳದ ಕಣಿಕೆ ಬಣವೆಯ ಸಂದಿನಿಂದ ಒಂದು ಮುಂಗುಸಿ ಕೋಳಿಮರಿಯನ್ನು ಕಚ್ಚಿಕೊಂಡು ಓಡಿತು. ಬಗ್ಗಿ ನೋಡಿದರೆ ಹಲಗೆಯ ಕೆಳಗೆ ಮುಷ್ಟಿ ಹಿಡಿಯುವಷ್ಟು ಬಿಲ, ಬಾಯಿ ಸವೆದು ನುಣ್ಣಗಾಗಿತ್ತು. ಇವತ್ತು ನಿನ್ನೆ ತೋಡಿದ್ದಲ್ಲ. ನಾಯಿ ಬೊಗಳಿದ್ದು ಯಾರಿಗೆ ಎಂದು ಆಗ ತಿಳಿಯಿತು.

ನಾನು ಮಾಡಿದ್ದೇನು ಗೊತ್ತೇ? ಯಾರಿಗೂ ಹೇಳದೆ ಬಿಲಕ್ಕೆ ಕಲ್ಲು ತುಂಬಿ, ಸಂಜೆಯೊಳಗೆ ಹಾಸುಗಲ್ಲು ಹೊತ್ತು ತಂದು ಹಾಸಿದೆ. ಅತ್ತೆ ಕಟ್ಟೆಯ ಮೇಲೆ ಕೂತು ಎಲ್ಲ ನೋಡಿದರು. ಆಮೇಲೆ, ಆ ಮನೆಗೆ ಯಾವಾಗ ಹೋಗುತ್ತೀ ಎಂದಷ್ಟೇ ಕೇಳಿದರು. ಇಪ್ಪತ್ತು ದಿನ ಹೋಗಲಿಲ್ಲ. ನಳಕ್ಕೆ ಅಕ್ಕ ಬಂದು ಹೋದ ಮೇಲೆಯೇ ಕೊಡ ಎತ್ತುತ್ತಿದ್ದೆ.

ಕೊನೆಗೊಂದು ದಿನ ಬರಿಗೈಲಿ ಹೋಗಬಾರದೆಂದು ಆರು ಮೊಟ್ಟೆ ಸೆರಗಿನಲ್ಲಿ ಕಟ್ಟಿಕೊಂಡು ಹೊರಟೆ. ಅವರ ಬಾಗಿಲಿಗೆ ಬಂದಾಗ, ಯಾರ ಮನೆಗೆ ಏನು ಒಯ್ಯುತ್ತಿದ್ದೇನೆಂದು ಹೊಳೆದು, ನಾಚಿ ಮನೆಗೆ ಮರಳಿ, ಮೊಟ್ಟೆಗಳನ್ನು ಬುಟ್ಟಿಗೆ ಹಾಕಿ ಮತ್ತೆ ಹೋದೆ. ಅಕ್ಕ ಜೋಳ ಹಸನ ಮಾಡುತ್ತಿದ್ದರು. ಕೂಡಿಸಿ ಚಹಾ ಕೊಟ್ಟರು. ಮುಂಗುಸಿಯ ವಿಷಯ ಹೇಳಿ, "ತಪ್ಪಾತ್ರಿ ಅಕ್ಕಾರ" ಅಂದೆ.

ಅವರು ಮೊರದಿಂದ ತಲೆ ಎತ್ತಲಿಲ್ಲ. "ಅವತ್ತ ಓಣಿ ಮಂದಿ ಮುಂದ ಅಂದಿ. ಇವತ್ತ ನನ್ನೊಬ್ಬಾಕಿ ಮುಂದ ಹೇಳಾಕತ್ತಿ."

ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಮುಂದಿನ ಸಲ ನಳ ಬಂದಾಗ ಎಲ್ಲರಿಗಿಂತ ಮೊದಲು ಹೋಗಿ ನಿಂತೆ. ಅಕ್ಕ ಬಂದರು, ನನ್ನ ಸರದಿಯನ್ನು ಅವರಿಗೆ ಬಿಟ್ಟುಕೊಟ್ಟೆ. ನಾನು ನೆಲ ನೋಡುತ್ತ, ಕೋಳಿ ಕೊಂದದ್ದು ಅವರ ನಾಯಿ ಅಲ್ಲ, ನಾನು ಸುಳ್ಳು ಅಪವಾದ ಹೊರಿಸಿದೆ ಎಂದು ಹೇಳಿದೆ. ನೀರಿನ ಸಪ್ಪಳದಲ್ಲಿ ಯಾರಿಗೂ ಕೇಳಲಿಲ್ಲ. ಹಿಂದಿದ್ದ ಮುದುಕಿ ಕಿವಿಗೆ ಕೈ ಹಚ್ಚಿ, "ಏನಂದೀ?" ಎಂದರು. ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು. ಎರಡನೆಯ ಸಲ ಹೇಳುವಾಗ ಅಳು ಬಂತು. ಯಾರೂ ಸಮಾಧಾನ ಮಾಡಲಿಲ್ಲ, ಯಾರೂ ನಗಲೂ ಇಲ್ಲ. ಅಕ್ಕ ಕೊಡ ತುಂಬಿಸಿಕೊಂಡು, "ಸಾಕು, ನಿನ್ನ ಪಾಳೆ ಬಂತು, ನೀರ ಹಿಡಿ" ಅಂದರು.

ನಾಯಿಯನ್ನು ಕರೆತರೋಣವೆಂದು ನಾನೇ ಹಟ ಮಾಡಿ ಅವರ ಜೊತೆ ಸಿರಸಂಗಿಗೆ ಬಸ್ಸು ಹತ್ತಿದೆ. ಅಣ್ಣನ ಮನೆಯ ಅಂಗಳದಲ್ಲಿ ಅದು ಅಕ್ಕನನ್ನು ಕಂಡು ಮೈಮೇಲೆ ಹಾರಿತು, ಕುಂಯ್‌ಗುಟ್ಟಿತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಹೊರಡುವಾಗ ಎಷ್ಟು ಕರೆದರೂ ಊರ ಅಗಸೆಬಾಗಿಲು ದಾಟಿ ಬರಲಿಲ್ಲ. ಹಗ್ಗ ಕಟ್ಟಿ ಎಳೆಯೋಣವೇ ಎಂದೆ. ಬೇಡ, ಅದಕ್ಕೆ ಇಲ್ಲಿ ಹೊಂದಿಕೆಯಾಗಿದೆ, ಇನ್ನೊಮ್ಮೆ ಊರು ಬಿಡಿಸುವುದು ಬೇಡ ಎಂದರು ಅಕ್ಕ.

ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ಅವರನ್ನು ಕೂರಿಸಿ ನಾನು ಪಕ್ಕದಲ್ಲಿ ನಿಂತೆ. ಮುನವಳ್ಳಿ ಬರುವತನಕ ಅವರು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಧೂಳಿಗೋ, ಅಳುತ್ತಿದ್ದರೋ ತಿಳಿಯಲಿಲ್ಲ. ಕೇಳುವ ಮುಖ ನನಗಿರಲಿಲ್ಲ.